575 ಕೆ.ಜಿ. ಗಾಡಿಗೆ ಟರ್ಬೊ ಇಂಜಿನ್: ಒಂದು ಕಿಟ್ ಕಾರಿನ ಪೂರ್ತಿ ಕಥೆ

ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ಇಪ್ಪತ್ತು ನಿಮಿಷ ಎಲ್ಲ ಸರಿಯಾಗಿತ್ತು. ಆಯಿಲ್ ಪ್ರೆಷರ್ ಗಟ್ಟಿಯಾಗಿ ನಿಂತಿತ್ತು. ನೀರು ಬಿಸಿಯಾಗಿ, ಫ್ಯಾನ್ ತಿರುಗಿ, ಮುಳ್ಳು ಮತ್ತೆ ಇಳಿದಿತ್ತು. ಎಲ್ಲೂ ಒಂದು ಹನಿ ಸೋರಿರಲಿಲ್ಲ. ಆಮೇಲೆ ಸೈಲೆನ್ಸರ್ ತುದಿಯಲ್ಲಿ ನೀಲಿ ಹೊಗೆ ಶುರುವಾಯಿತು. ಮೊದಲು ಎಳೆ ಎಳೆಯಾಗಿ ಬಂತು, ಐದು ನಿಮಿಷದಲ್ಲಿ ಗ್ಯಾರೇಜ್ ತುಂಬಿತು. ಗೆಳೆಯ ಕೀ ತಿರುಗಿಸಿ ಆಫ್ ಮಾಡಿದ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಏಳು ತಿಂಗಳ ಕೆಲಸ ಅದು.

ಆ ಹೊಗೆಯಲ್ಲಿ ಟರ್ಬೊದ (ಹೊಗೆ ಗ್ಯಾಸಿನ ಬಲದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ) ತಪ್ಪು ಏನೂ ಇರಲಿಲ್ಲ ಅಂತ ಗೊತ್ತಾಗಲು ಇನ್ನೂ ಆರು ವಾರ ಹಿಡಿಯಿತು. ಹಗುರ ಗಾಡಿಗೆ ಟರ್ಬೊ ಇಂಜಿನ್ ಹಾಕಬೇಕು ಅಂತ ಯೋಚಿಸುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಪವರ್ ಬರುತ್ತದೆ" ಅಂತ. ನಮ್ಮ ಸಮಯದ ಮುಕ್ಕಾಲು ಪಾಲು ತಿಂದದ್ದು ಬೇರೆ ಪ್ರಶ್ನೆಗಳು. ಎಣ್ಣೆ ಎಲ್ಲಿಂದ ವಾಪಸ್ ಬರುತ್ತದೆ, ಬಿಸಿ ಎಲ್ಲಿಂದ ಹೊರಗೆ ಹೋಗುತ್ತದೆ, ಭಾರ ಯಾವ ಚಕ್ರದ ಮೇಲೆ ಕೂರುತ್ತದೆ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ, ತಪ್ಪಿದ್ದನ್ನೂ ಸೇರಿಸಿ.

ಗಾಡಿ ಯಾವುದು, ಇಂಜಿನ್ ಯಾವುದು

ಗಾಡಿ ಗೆಳೆಯನದು. ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಇದೆಯಲ್ಲ, ಅದೇ ಮಾದರಿಯ ಕಿಟ್ ಕಾರು, ಅಂದರೆ ಬಿಡಿ ಭಾಗ ತಂದು ನಾವೇ ಜೋಡಿಸುವ ಗಾಡಿ. ಬಾಗಿಲಿಲ್ಲ, ಚಾವಣಿ ಇಲ್ಲ. 25 ಮಿ.ಮೀ. ಚೌಕ ಪೈಪುಗಳನ್ನು ವೆಲ್ಡ್ ಮಾಡಿದ ಫ್ರೇಮ್, ಮೇಲೆ ಅಲ್ಯೂಮಿನಿಯಂ ಹಾಳೆ, ಮೂಗು ಮತ್ತು ಮಡ್‌ಗಾರ್ಡ್ ಫೈಬರ್. ಇಂಜಿನ್, ಗೇರ್‌ಬಾಕ್ಸ್, ಡಿಫರೆನ್ಶಿಯಲ್ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ), ಬ್ರೇಕ್ ಎಲ್ಲ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ರಿಂದ ಬಂದವು. 1597 ಸಿಸಿ ಇಂಜಿನ್, ಸುಮಾರು 115 ಪಿಎಸ್ (ಹೆಚ್ಚುಕಮ್ಮಿ ಹಾರ್ಸ್‌ಪವರ್ ಇದ್ದಂತೆ). ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು, ಡ್ರೈವರ್ ಇಲ್ಲದೆ ತೂಗಿದಾಗ 575 ಕೆ.ಜಿ. ಮುಂದೆ 270, ಹಿಂದೆ 305. ಅಂದರೆ ಟನ್ನಿಗೆ 200 ಪಿಎಸ್. ಇದೇ ಸಾಕಷ್ಟು ಚುರುಕಾದ ಗಾಡಿ.

ಮತ್ತೆ ಯಾಕೆ ಬದಲಿಸಬೇಕು? ಹಳೆ ಇಂಜಿನ್ ಸವೆದಿತ್ತು, ಹೇಗಿದ್ದರೂ ಬಿಚ್ಚಬೇಕಿತ್ತು. ಜೊತೆಗೆ ಅದರ ಶಕ್ತಿಯೆಲ್ಲ ಮೇಲಿನ ಆರ್‌ಪಿಎಂನಲ್ಲೇ ಇತ್ತು. ತಿರುವು ಮುಗಿಸಿ ಹೊರಗೆ ಬರುವಾಗ ಪ್ರತಿ ಸಲ ಗೇರ್ ಇಳಿಸಬೇಕು. ಗೆಳೆಯನಿಗೆ ಬೇಕಿದ್ದದ್ದು ಮಧ್ಯದ ಆರ್‌ಪಿಎಂನಲ್ಲಿ ಎಳೆತ. ಆಸೆ ನ್ಯಾಯವಾದದ್ದೇ.

ಆರಿಸಿದ್ದು ನಿಸಾನ್‌ನ ಎಸ್‌ಆರ್20ಡಿಇಟಿ. ಸಿಲ್ವಿಯಾ ಎಸ್13 ಗಾಡಿಗೆ 1991ರಿಂದ ಬಂದ ಇಂಜಿನ್ ಇದು. 1998 ಸಿಸಿ, ಬೋರ್ ಮತ್ತು ಸ್ಟ್ರೋಕ್ ಎರಡೂ 86 ಮಿ.ಮೀ., ಕಂಪ್ರೆಷನ್ 8.5, ಚಿಕ್ಕ ಟಿ25 ಟರ್ಬೊ. ಕಂಪನಿ ಲೆಕ್ಕದಲ್ಲಿ 205 ಪಿಎಸ್ ಪವರ್, 274 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಆರಿಸಲು ದೊಡ್ಡ ಕಾರಣ ಎರಡು. ಬ್ಲಾಕ್ ಅಲ್ಯೂಮಿನಿಯಂ. ಮತ್ತೆ ಇದು ಉದ್ದಕ್ಕೆ ಕೂರುವ, ಹಿಂದಿನ ಚಕ್ರ ತಿರುಗಿಸುವ ಇಂಜಿನ್, ಹಾಗಾಗಿ ಅದರದ್ದೇ ಗೇರ್‌ಬಾಕ್ಸ್ ಜೊತೆಗೇ ಬರುತ್ತದೆ. ಅಡ್ಡಕ್ಕೆ ಕೂರುವ ಇಂಜಿನ್ ತಂದು ಅಡಾಪ್ಟರ್ ಪ್ಲೇಟ್, ಬೇರೆ ಫ್ಲೈವೀಲ್, ಬೇರೆ ಸ್ಟಾರ್ಟರ್ ಅಂತ ಹೊರಟರೆ ಪ್ರತಿ ಹೆಜ್ಜೆಗೂ ಲೇತ್ ಮುಂದೆ ನಿಲ್ಲಬೇಕಾಗುತ್ತದೆ.

ಈಗ ಯಾರಾದರೂ ನನ್ನನ್ನು ಕೇಳಿದರೆ ಇನ್ನೂ ಚಿಕ್ಕ ಇಂಜಿನ್ ನೋಡಿ ಅನ್ನುತ್ತೇನೆ. ಸೆವೆನ್ ಮಾದರಿಯ ಹಕ್ಕನ್ನು 1973ರಲ್ಲಿ ಪಡೆದ ಕೇಟರ್‌ಹ್ಯಾಮ್ ಕಂಪನಿ 2013ರಲ್ಲಿ ತಂದ 160 ಮಾದರಿಗೆ ಸುಝುಕಿಯ 660 ಸಿಸಿ, ಮೂರು ಸಿಲಿಂಡರಿನ ಟರ್ಬೊ ಇಂಜಿನ್ ಹಾಕಿತ್ತು. ಬರೀ 80 ಪಿಎಸ್, ಗಾಡಿ ತೂಕ 490 ಕೆ.ಜಿ. ಹಗುರ ಗಾಡಿ ಕಟ್ಟಿಯೇ ಬದುಕುವವರು ಟರ್ಬೊ ಅಂದಾಗ ಆ ಕಡೆ ಹೋದರು ಅನ್ನುವುದು ನನಗೆ ಆಗ ತಲೆಗೆ ಹೋಗಲಿಲ್ಲ. ನಮ್ಮ ಕಣ್ಣು 205ರ ಮೇಲಿತ್ತು.

ಕೂರಿಸುವ ಕೆಲಸ

ಸೆವೆನ್ ಮಾದರಿಯ ಇಂಜಿನ್ ಜಾಗ ಉದ್ದವಾಗಿದೆ, ಅಗಲ ಕಮ್ಮಿ, ಎತ್ತರ ಇನ್ನೂ ಕಮ್ಮಿ. ಎಸ್‌ಆರ್20 ಎತ್ತರದ ಇಂಜಿನ್. ಬಾನೆಟ್ ಮುಚ್ಚಬೇಕು ಅಂದರೆ ಕೆಳಗೆ ಇಳಿಸಬೇಕು, ಇಳಿಸಿದರೆ ಆಯಿಲ್ ಸಂಪ್ (ಇಂಜಿನ್ ತಳದ ಎಣ್ಣೆ ತೊಟ್ಟಿ) ಫ್ರೇಮಿಗಿಂತ ಕೆಳಗೆ ಜೋತು ಬೀಳುತ್ತದೆ, ರಸ್ತೆಯ ಮೊದಲ ಉಬ್ಬಿಗೇ ಒಡೆಯುತ್ತದೆ. ಹಾಗಾಗಿ ಸಂಪ್ ಅನ್ನು 45 ಮಿ.ಮೀ. ಕತ್ತರಿಸಿ ಗಿಡ್ಡ ಮಾಡಿದೆವು. ಎಣ್ಣೆಯ ಪ್ರಮಾಣ ಕಮ್ಮಿಯಾಗಬಾರದು ಅಂತ ಎರಡು ಪಕ್ಕಕ್ಕೂ ರೆಕ್ಕೆ ತರಹ ಅಗಲ ಮಾಡಿ ವೆಲ್ಡ್ ಮಾಡಿಸಿದೆವು. ಆಗ ಬಹಳ ಸರಿ ಅನ್ನಿಸಿತು. ಈ ಸಂಪ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಟರ್ಬೊ ಇರುವುದು ಸ್ಟಿಯರಿಂಗ್ ಶಾಫ್ಟ್ ಹಾದುಹೋಗುವ ಕಡೆಯೇ. ಡ್ರೈವರ್ ಕಾಲು, ಬ್ರೇಕ್ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಎಲ್ಲವೂ ಅದೇ ಕಡೆ. ಒಂದು ಗಾಡಿಯಲ್ಲಿ ಬಿಸಿ ತಾಗಬಾರದ ವಸ್ತುಗಳು ಯಾವುವೋ ಅವೆಲ್ಲ ಅಲ್ಲೇ ಸಾಲಾಗಿ ಕೂತಿದ್ದವು. ಡೌನ್‌ಪೈಪ್ (ಟರ್ಬೊದಿಂದ ಸೈಲೆನ್ಸರ್ ಕಡೆ ಗ್ಯಾಸ್ ಒಯ್ಯುವ ಪೈಪ್) ಹೋಗಲು ಫ್ರೇಮಿನ ಒಂದು ಓರೆ ಪೈಪ್ ಅಡ್ಡ ಬಂತು. ಕತ್ತರಿಸದೆ ಬೇರೆ ದಾರಿ ಇರಲಿಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಪೈಪುಗಳ ಫ್ರೇಮಿನಲ್ಲಿ ಓರೆ ಪೈಪ್ ಸುಮ್ನೆ ಇರುವುದಿಲ್ಲ, ಚೌಕವನ್ನು ತ್ರಿಕೋನ ಮಾಡಿ ಫ್ರೇಮ್ ತಿರುಚದಂತೆ ಹಿಡಿಯುವುದೇ ಅದು. ನಾವು ಕತ್ತರಿಸುವ ಮೊದಲು ಅಳೆದೆವು. ಫ್ರೇಮಿನ ಹಿಂಭಾಗವನ್ನು ಗಟ್ಟಿಯಾಗಿ ಕಟ್ಟಿ, ಮುಂದೆ ಅಡ್ಡಕ್ಕೆ ಒಂದು ಉದ್ದ ತೊಲೆ ಹಾಕಿ, ಅದರ ಒಂದು ತುದಿಗೆ ಒಂದೇ ಭಾರ ತೂಗಿಹಾಕಿ, ಮೂಲೆ ಎಷ್ಟು ಇಳಿಯುತ್ತದೆ ಅಂತ ಡಯಲ್ ಗೇಜಿನಲ್ಲಿ ನೋಡಿದೆವು. ಮೊದಲು 1.9 ಮಿ.ಮೀ. ಪೈಪ್ ಕತ್ತರಿಸಿದ ಮೇಲೆ ಅದೇ ಭಾರಕ್ಕೆ 2.6. ಆಮೇಲೆ ಡೌನ್‌ಪೈಪಿನ ಕೆಳಗಿಂದ ಹಾದುಹೋಗುವ ಹೊಸ ಓರೆ ಪೈಪ್, ಮೂಲೆಗಳಿಗೆ ತ್ರಿಕೋನದ ತಗಡು, ಇಂಜಿನ್ ಮೇಲೆ ಅಡ್ಡಕ್ಕೆ ಬೋಲ್ಟ್ ಹಾಕಿ ಬಿಚ್ಚಬಹುದಾದ ಒಂದು ಪೈಪ್ ಸೇರಿಸಿದಾಗ 1.7ಕ್ಕೆ ಬಂತು. ಅಳೆಯದೆ ಕತ್ತರಿಸಿದ್ದರೆ ಗಾಡಿ ಯಾಕೆ ಮೆತ್ತಗಾಯಿತು ಅಂತ ಸ್ಪ್ರಿಂಗ್ ಬದಲಿಸುತ್ತಾ ಕೂರುತ್ತಿದ್ದೆವು.

ಭಾರದ ಲೆಕ್ಕದಲ್ಲಿ ಒಂದು ಸಂಗತಿ ನನಗೆ ನಿಜಕ್ಕೂ ಆಶ್ಚರ್ಯ ತಂದಿತು. ಇಂಜಿನ್ ಆದಷ್ಟು ಹಿಂದೆ ಕೂರಬೇಕು ಅಂತ ಗೇರ್‌ಬಾಕ್ಸ್ ಕೂರುವ ಟನಲ್ ಕತ್ತರಿಸಿ 60 ಮಿ.ಮೀ. ಹಿಂದಕ್ಕೆ ತಳ್ಳಿದೆವು, ಅದಕ್ಕೆ ಎರಡು ವಾರ ಹೋಯಿತು. ಲೆಕ್ಕ ಹಾಕಿ ನೋಡಿ. ಸುಮಾರು 180 ಕೆ.ಜಿ. ಭಾರ, 60 ಮಿ.ಮೀ. ಸರಿದಿದೆ, ಚಕ್ರಗಳ ನಡುವಿನ ದೂರ 2300 ಮಿ.ಮೀ. ಮುಂದಿನ ಚಕ್ರದಿಂದ ಹಿಂದಕ್ಕೆ ಹೋದದ್ದು 4.7 ಕೆ.ಜಿ. ಅಷ್ಟೇ. ಆಮೇಲೆ ಒಂದು ಸಂಜೆ 14 ಕೆ.ಜಿ. ಬ್ಯಾಟರಿಯನ್ನು ಇಂಜಿನ್ ಪಕ್ಕದಿಂದ ತೆಗೆದು ಹಿಂದಿನ ಆಕ್ಸಲ್‌ನ ಹಿಂದೆ ಇಟ್ಟೆವು. ಅದು 2100 ಮಿ.ಮೀ. ಸರಿಯಿತು, ಹಿಂದಕ್ಕೆ ಹೋದ ಭಾರ ಸುಮಾರು 13 ಕೆ.ಜಿ. ಎರಡು ವಾರದ ಕೆಲಸಕ್ಕಿಂತ ಒಂದು ಸಂಜೆಯ ಕೆಲಸ ಎರಡೂವರೆ ಪಟ್ಟು ಜಾಸ್ತಿ ಕೊಟ್ಟಿತು. ಇಂಜಿನ್ ಹಿಂದೆ ಹೋದದ್ದಕ್ಕೆ ಬೇರೆ ಲಾಭ ಇದೆ, ಗಾಡಿ ಬೇಗ ತಿರುಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ತಕ್ಕಡಿಯ ಲೆಕ್ಕ ಬೇಕಿದ್ದರೆ ಮೊದಲು ಬ್ಯಾಟರಿ ಸರಿಸಿ.

ಎಲ್ಲ ಮುಗಿದು ತೂಗಿದಾಗ 648 ಕೆ.ಜಿ. ಬ್ಯಾಟರಿ ಸರಿಸುವ ಮೊದಲು ಮುಂದೆ 336, ಹಿಂದೆ 312 ಇತ್ತು. ಸರಿಸಿದ ಮೇಲೆ 323 ಮತ್ತು 325. ಬರೀ ಇಂಜಿನ್ನಿಂದ 73 ಕೆ.ಜಿ. ಏರಲಿಲ್ಲ. ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣ್ಣಗೆ ಮಾಡುವುದು), ಅದರ ಪೈಪುಗಳು, ದೊಡ್ಡ ರೇಡಿಯೇಟರ್, ಆಯಿಲ್ ಕೂಲರ್, ದಪ್ಪ ಡಿಫರೆನ್ಶಿಯಲ್, ದೊಡ್ಡ ಬ್ರೇಕ್, ಎಲ್ಲ ಸೇರಿ. ಟರ್ಬೊ ಯಾವತ್ತೂ ಒಂಟಿಯಾಗಿ ಬರುವುದಿಲ್ಲ.

ಗೇರ್‌ಬಾಕ್ಸಿನಿಂದ ಡಿಫರೆನ್ಶಿಯಲ್‌ವರೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಹೊಸದಾಗಿ ಮಾಡಿಸಿದೆವು. ಈ ಗಾಡಿಯಲ್ಲಿ ಅದು ತುಂಬಾ ಗಿಡ್ಡ, ಹಾಗಾಗಿ ಕೋನದ ಸಣ್ಣ ತಪ್ಪೂ ಕಾಣುತ್ತದೆ. ನಮ್ಮ ಗೇರ್‌ಬಾಕ್ಸ್ ನಾಲ್ಕೂವರೆ ಡಿಗ್ರಿ ವಾಲಿತ್ತು, ಡಿಫರೆನ್ಶಿಯಲ್ ಒಂದು ಡಿಗ್ರಿ. ಗಂಟೆಗೆ 90 ಕಿ.ಮೀ. ದಾಟಿದರೆ ಸೀಟಿನ ಕೆಳಗೆ ಗುಂಯ್ ಅನ್ನುವ ನಡುಕ. ಶಾಫ್ಟ್ ಬ್ಯಾಲೆನ್ಸ್ ಸರಿ ಇಲ್ಲ ಅಂತ ಎರಡು ಸಲ ಬಿಚ್ಚಿದೆವು. ಎರಡು ಕಡೆಯ ಕೋನ ಸಮ ಮಾಡಿದ ದಿನ ನಡುಕ ಹೋಯಿತು.

ನೀಲಿ ಹೊಗೆ

ಈಗ ಹೊಗೆಯ ವಿಷಯಕ್ಕೆ ಬರೋಣ. ನೀಲಿ ಹೊಗೆ ಅಂದರೆ ಎಣ್ಣೆ ಉರಿಯುತ್ತಿದೆ ಅಂತ. ಸಿಲಿಂಡರ್ ಕಂಪ್ರೆಷನ್ ನೋಡಿದೆವು, ನಾಲ್ಕೂ ಹತ್ತಿರ ಹತ್ತಿರ ಇದ್ದವು. ಡೌನ್‌ಪೈಪ್ ಬಿಚ್ಚಿ ನೋಡಿದರೆ ಟರ್ಬೈನ್ (ಟರ್ಬೊದಲ್ಲಿ ಹೊಗೆ ಗ್ಯಾಸ್ ತಿರುಗಿಸುವ ಚಕ್ರ) ಕಡೆ ಒದ್ದೆ ಒದ್ದೆ ಎಣ್ಣೆ. ಸರಿ, ಟರ್ಬೊ ಸೀಲ್ ಹೋಗಿದೆ ಅಂತ ತೀರ್ಮಾನಿಸಿದೆವು. ರಿಪೇರಿ ಮಾಡುವವರೂ ಅದನ್ನೇ ಹೇಳಿದರು. ಹೊಸ ಬೇರಿಂಗ್, ಹೊಸ ಸೀಲ್, ಬ್ಯಾಲೆನ್ಸ್ ಎಲ್ಲ ಮಾಡಿಸಿ ವಾಪಸ್ ತಂದು ಕೂರಿಸಿ ಸ್ಟಾರ್ಟ್ ಮಾಡಿದೆವು. ಈ ಸಲ ಹೊಗೆ ಹದಿನೈದು ನಿಮಿಷಕ್ಕೇ ಬಂತು.

ಅಲ್ಲಿಗೆ ನಿಂತು, ಟರ್ಬೊ ಒಳಗೆ ಎಣ್ಣೆ ಹೇಗೆ ಓಡಾಡುತ್ತದೆ ಅಂತ ಮೊದಲಿಂದ ಯೋಚಿಸಿದೆವು. ಆ ಕೆಲಸ ಮೊದಲೇ ಮಾಡಬೇಕಿತ್ತು. ಟರ್ಬೊದ ಸೀಲ್ ಅಂದರೆ ಕ್ರ್ಯಾಂಕ್ ತುದಿಯಲ್ಲಿರುವ ರಬ್ಬರ್ ಸೀಲ್ ತರಹ ಅಲ್ಲ. ಪಿಸ್ಟನ್ ರಿಂಗ್ ತರಹದ ಒಂದು ಚಿಕ್ಕ ಬಳೆ. ಅದು ಎಣ್ಣೆಗೆ ಅಣೆಕಟ್ಟು ಹಾಕಿ ನಿಲ್ಲಿಸುವುದಿಲ್ಲ. ಎಣ್ಣೆ ತಾನಾಗಿ ಕೆಳಗೆ ಹರಿದು ಹೋಗುತ್ತಿದ್ದರೆ ಮಾತ್ರ ಅದು ತನ್ನ ಕೆಲಸ ಮಾಡುತ್ತದೆ. ಪಂಪಿನಿಂದ ಒಳಗೆ ಬರುವಾಗ ಎಣ್ಣೆ ಒತ್ತಡದಲ್ಲಿ, ಸಣ್ಣ ಪೈಪಿನಲ್ಲಿ ಬರುತ್ತದೆ. ಬೇರಿಂಗ್ ದಾಟಿದ ಮೇಲೆ ಒತ್ತಡ ಇಲ್ಲ. ಗಾಳಿ ಬೆರೆತು ನೊರೆ ನೊರೆಯಾಗಿರುತ್ತದೆ. ಕೆಳಗಿನ ದಪ್ಪ ಪೈಪಿನಲ್ಲಿ ಬರೀ ತನ್ನ ಭಾರದಿಂದ ಸಂಪಿಗೆ ಇಳಿಯಬೇಕು. ಆ ಪೈಪಿನಲ್ಲಿ ತಡೆ ಬಂದರೆ ಎಣ್ಣೆ ಟರ್ಬೊ ಹೊಟ್ಟೆಯಲ್ಲೇ ತುಂಬಿ, ಬಳೆ ದಾಟಿ, ಟರ್ಬೈನ್ ಕಡೆ ಹೋಗಿ ಉರಿಯುತ್ತದೆ. ಹೊಚ್ಚ ಹೊಸ ಟರ್ಬೊ ಆದರೂ ಅಷ್ಟೇ.

ನಮ್ಮ ಸಂಪ್ ಗಿಡ್ಡವಾಗಿತ್ತು ಅಲ್ವಾ? ಟರ್ಬೊದಿಂದ ಬರುವ ಪೈಪನ್ನು ಹೊಸ ರೆಕ್ಕೆಯ ಪಕ್ಕಕ್ಕೆ ಜೋಡಿಸಿದ್ದೆವು. ಇಂಜಿನ್ ನಿಂತಾಗ ಎಣ್ಣೆಯ ಮಟ್ಟ ಎಲ್ಲಿ ಬರುತ್ತದೆ ಅಂತ ಅಳೆದು ನೋಡಿದರೆ ಪೈಪಿನ ಬಾಯಿ ಅರ್ಧ ಮುಳುಗಿತ್ತು. ಮೇಲಾಗಿ ಕೊನೆಯ ಒಂದು ಗೇಣು ಪೈಪ್ ಬಹುತೇಕ ಅಡ್ಡಕ್ಕೇ ಇತ್ತು, ಇಳಿಜಾರೇ ಇಲ್ಲ. ಇನ್ನೊಂದು ತೊಂದರೆ ಬಾನೆಟ್ ಕೆಳಗೆ ಸಿಕ್ಕಿತು. ಕ್ರ್ಯಾಂಕ್‌ಕೇಸ್ (ಇಂಜಿನ್ನಿನ ಕೆಳಗಿನ ಹೊಟ್ಟೆ) ಉಸಿರಾಡುವ ಹೋಸ್ ಮಡಚಿಕೊಂಡಿತ್ತು. ಬಾನೆಟ್ ತೆಗೆದಾಗ ನೆಟ್ಟಗಿರುತ್ತಿತ್ತು, ಮುಚ್ಚಿದಾಗ ಒತ್ತಿ ಮಡಚುತ್ತಿತ್ತು. ಉಸಿರು ಕಟ್ಟಿದರೆ ಇಂಜಿನ್ ಒಳಗಿನ ಒತ್ತಡ ಏರಿ, ಕೆಳಗಿಳಿಯುವ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ.

ಸರಿಪಡಿಸಿದ್ದು ಹೀಗೆ. ರೆಕ್ಕೆಯ ತೂತು ಮುಚ್ಚಿಸಿ, ಎಣ್ಣೆ ಮಟ್ಟಕ್ಕಿಂತ ಸಾಕಷ್ಟು ಮೇಲೆ ಹೊಸ ಬಾಯಿ ಮಾಡಿಸಿದೆವು. ಒಳವ್ಯಾಸ 19 ಮಿ.ಮೀ. ಪೈಪ್, ಟರ್ಬೊದಿಂದ ಸಂಪಿನವರೆಗೆ ಎಲ್ಲೂ ಅಡ್ಡಕ್ಕೆ ಹೋಗದಂತೆ ಬಹುತೇಕ ನೆಟ್ಟಗೆ ಕೆಳಗೆ. ಉಸಿರಾಟದ ಹೋಸ್ ದಪ್ಪ ಮಾಡಿ, ಬೇರೆ ದಾರಿಯಲ್ಲಿ ಒಂದು ಚಿಕ್ಕ ಡಬ್ಬಕ್ಕೆ ಕೊಟ್ಟೆವು. ಸ್ಟಾರ್ಟ್ ಮಾಡಿದೆವು. ಪೈಪಿನಲ್ಲಿ ಹಳೇ ಎಣ್ಣೆ ಇದ್ದದ್ದರಿಂದ ಅರ್ಧ ಗಂಟೆ ಹೊಗೆ ಬಂತು, ಆಮೇಲೆ ನಿಂತಿತು. ಮತ್ತೆ ಬರಲಿಲ್ಲ. ಟರ್ಬೊ ರಿಪೇರಿಗೆ ಹೋದ ಹಣ ಹೋಯಿತು. ನಿಮ್ಮ ಗಾಡಿಯಲ್ಲಿ ನೀಲಿ ಹೊಗೆ ಬಂದರೆ ದಯವಿಟ್ಟು ಟರ್ಬೊ ಬಿಚ್ಚುವ ಮೊದಲು ಆ ಪೈಪ್ ನೋಡಿ.

ಸಂಪ್ ವಿಷಯದಲ್ಲಿ ಇನ್ನೊಂದು ಸೇರಿಸಬೇಕು. ಅಗಲ ಮಾಡಿದ ಸಂಪಿನಲ್ಲಿ ಎಣ್ಣೆ ಪಕ್ಕಕ್ಕೆ ಓಡಲು ಜಾಗ ಜಾಸ್ತಿ. ಗಾಡಿ ಹಗುರ, ಟೈರ್ ಗಟ್ಟಿಯಾಗಿ ಹಿಡಿಯುತ್ತದೆ, ಉದ್ದ ತಿರುವಿನಲ್ಲಿ ಎಣ್ಣೆ ಎಲ್ಲ ಒಂದು ರೆಕ್ಕೆಗೆ ಹೋಗಿ ಪಂಪಿನ ಬಾಯಿ ಗಾಳಿ ಎಳೆಯುತ್ತದೆ. ಒಂದು ಉದ್ದ ಎಡ ತಿರುವಿನಲ್ಲಿ ಆಯಿಲ್ ಪ್ರೆಷರ್ 4 ಬಾರ್‌ನಿಂದ 1.2ಕ್ಕೆ ಇಳಿದದ್ದು ಗಾಡಿಯ ಸೆನ್ಸರ್‌ಗಳ ರೆಕಾರ್ಡಿನಲ್ಲಿ ಕಂಡಿತು. ಕಣ್ಣಿಗೆ ಬಿದ್ದಿರಲೇ ಇಲ್ಲ, ತಿರುವಿನಲ್ಲಿ ಯಾರು ಗೇಜ್ ನೋಡುತ್ತಾರೆ? ಮತ್ತೆ ಸಂಪ್ ಇಳಿಸಿ, ಒಳಗೆ ತಡೆಗೋಡೆ ಹಾಕಿ, ಪಂಪಿನ ಕಡೆಗೆ ಮಾತ್ರ ತೆರೆಯುವ ಚಿಕ್ಕ ಬಾಗಿಲುಗಳನ್ನು ಇಟ್ಟೆವು. ಒಂದು ಬೇರಿಂಗ್ ಕ್ಯಾಪ್ ಬಿಚ್ಚಿ ನೋಡಿದೆವು. ಅದೃಷ್ಟಕ್ಕೆ ಗೆರೆ ಬಿದ್ದಿರಲಿಲ್ಲ.

ಬಿಸಿ

ಮೊದಲ ಉದ್ದದ ಓಟ ಹದಿನೈದು ಕಿ.ಮೀ. ಇತ್ತು. ಚೆನ್ನಾಗಿ ಓಡಿತು. ವಾಪಸ್ ಬಂದು ಹತ್ತು ನಿಮಿಷ ನಿಲ್ಲಿಸಿ, ಮತ್ತೆ ತೆಗೆಯೋಣ ಅಂತ ಬ್ರೇಕ್ ತುಳಿದರೆ ಪೆಡಲ್ ಮೆತ್ತಗೆ ಅರ್ಧದವರೆಗೆ ಹೋಯಿತು.

ಹೊಟ್ಟೆಯಲ್ಲಿ ತಣ್ಣಗಾಯಿತು. ಓಡುವಾಗ ಗಾಳಿ ಬೀಸುತ್ತಿರುತ್ತದೆ, ನಿಲ್ಲಿಸಿದ ಮೇಲೆ ಬೀಸುವುದಿಲ್ಲ, ಆದರೆ ಟರ್ಬೊದ ಬೀಡು ಕಬ್ಬಿಣ ಇನ್ನೂ ಕಾದೇ ಇರುತ್ತದೆ. ಪೂರ್ತಿ ಲೋಡಿನಲ್ಲಿ ಟರ್ಬೈನಿಗೆ ಹೋಗುವ ಗ್ಯಾಸ್ 800-900 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಮ್ಮ ಬ್ರೇಕ್ ಮಾಸ್ಟರ್ ಸಿಲಿಂಡರ್ ಡೌನ್‌ಪೈಪಿನಿಂದ 110 ಮಿ.ಮೀ. ದೂರದಲ್ಲಿತ್ತು. ಅದರ ಮೇಲೆ ಬಿಸಿ ತೋರಿಸುವ ಸ್ಟಿಕ್ಕರ್ ಅಂಟಿಸಿ ಅದೇ ಓಟ ಮತ್ತೆ ಮಾಡಿದಾಗ ನಿಂತ ಮೇಲೆ 138 ಡಿಗ್ರಿ ತೋರಿಸಿತು. ಡಾಟ್ 4 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ಆದರೆ ತೇವ ಹೀರಿದ ಮೇಲಿನ ಲೆಕ್ಕ ಕನಿಷ್ಠ 155. ನಮ್ಮದು ಹಳೇ ಆಯಿಲ್, ಗಾಡಿ ತಿಂಗಳುಗಟ್ಟಲೆ ತೆರೆದು ಬಿದ್ದಿತ್ತು, ಎಷ್ಟು ತೇವ ಕುಡಿದಿತ್ತೋ. ಆ ದಿನ ಬ್ರೇಕ್ ರಸ್ತೆ ಮಧ್ಯೆ ಕೈ ಕೊಡಲಿಲ್ಲ ಅನ್ನುವುದಷ್ಟೇ ಸಮಾಧಾನ.

ಮಾಡಿದ್ದು ಇಷ್ಟು. ಟರ್ಬೈನಿಗೆ ಹೊದಿಕೆ, ಡೌನ್‌ಪೈಪಿಗೆ ಸುತ್ತುಪಟ್ಟಿ. ಮಧ್ಯೆ ಎರಡು ಪದರದ ಸ್ಟೀಲ್ ತಗಡು, ಪದರಗಳ ನಡುವೆ 10 ಮಿ.ಮೀ. ಗಾಳಿ. ಒಂದೇ ತಗಡಾದರೆ ಅದೇ ಕಾದು ಹೆಂಚಾಗುತ್ತದೆ, ನಡುವಿನ ಗಾಳಿಯೇ ಮುಖ್ಯ. ಬ್ರೇಕ್ ಆಯಿಲ್ ಹೊಸದು. ಸ್ಟಿಯರಿಂಗ್ ಶಾಫ್ಟಿನ ರಬ್ಬರ್ ಜೋಡಣೆ ತೆಗೆದು ಕಬ್ಬಿಣದ ಯುನಿವರ್ಸಲ್ ಜಾಯಿಂಟ್. ಪೆಟ್ರೋಲ್ ಪೈಪ್ ಪೂರ್ತಿ ಇನ್ನೊಂದು ಪಕ್ಕಕ್ಕೆ. ಕೈಗೆ ಸಿಗುವ ಕಡೆ ಬೆಂಕಿ ನಂದಿಸುವ ಸಿಲಿಂಡರ್, ಮತ್ತೆ ಡಿಕ್ಕಿಯಾದರೆ ಪಂಪ್ ನಿಲ್ಲಿಸುವ ಸ್ವಿಚ್. ಅದೇ ಓಟಕ್ಕೆ ಸ್ಟಿಕ್ಕರ್ ಈಗ 79 ಡಿಗ್ರಿ ತೋರಿಸುತ್ತದೆ.

ಇಂಜಿನ್ ನೀರಿನ ಕಥೆ ಬೇರೆ. ಇಲ್ಲಿ ಕಾರಣ ಮೂಗಿನ ತೂತಾಗಿರಲಿಲ್ಲ. ಎಲ್ಲರೂ ಗಾಳಿ ಒಳಗೆ ಬರುವುದನ್ನೇ ಯೋಚಿಸುತ್ತಾರೆ, ನಾವೂ ಹಾಗೇ ಮೂಗು ಅಗಲ ಮಾಡಲು ಹೊರಟಿದ್ದೆವು. ಒಳಗೆ ಬಂದ ಗಾಳಿ ಹೊರಗೆ ಹೋಗಲು ದಾರಿ ಇರಲಿಲ್ಲ. ಬಿಸಿಯಾದ ಗಾಳಿ ಹಿಗ್ಗುತ್ತದೆ, ಹಾಗಾಗಿ ಹೊರಗಿನ ದಾರಿ ಒಳಗಿನದಕ್ಕಿಂತ ದೊಡ್ಡದಿರಬೇಕು. ಎರಡೂ ಪಕ್ಕದ ಹಾಳೆಗೆ ಸೀಳು ಕಿಂಡಿ ಕೊರೆದೆವು. ಇಂಟರ್‌ಕೂಲರ್ ಮತ್ತು ರೇಡಿಯೇಟರ್ ಸುತ್ತಲಿನ ಸಂದುಗಳನ್ನೆಲ್ಲ ತಗಡಿನಿಂದ ಮುಚ್ಚಿದೆವು, ಇಲ್ಲದಿದ್ದರೆ ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದ ಜಾರಿ ಹೋಗುತ್ತದೆ. ಉದ್ದ ಏರಿನಲ್ಲಿ 112 ಡಿಗ್ರಿಗೆ ಹೋಗುತ್ತಿದ್ದ ನೀರು 94ಕ್ಕೆ ನಿಂತಿತು. ಇನ್ನೊಂದು, ಈ ಗಾಡಿಯಲ್ಲಿ ರೇಡಿಯೇಟರ್ ಇಂಜಿನ್ನಿಗಿಂತ ತಗ್ಗಿನಲ್ಲಿದೆ, ಗಾಳಿಗುಳ್ಳೆ ಇಂಜಿನ್ ತಲೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಎತ್ತರದಲ್ಲಿ ಒಂದು ನೀರಿನ ಡಬ್ಬ ಇಟ್ಟು, ಟರ್ಬೊದ ನೀರಿನ ಪೈಪ್ ಅದರ ಕಡೆಗೆ ಏರುತ್ತಲೇ ಹೋಗುವಂತೆ ಮಾಡಿ. ಆಗ ಇಂಜಿನ್ ಆಫ್ ಆದ ಮೇಲೂ ಬಿಸಿ ನೀರು ತಾನಾಗಿ ಮೇಲೆ ಹೋಗಿ, ತಣ್ಣೀರು ಟರ್ಬೊಗೆ ಬರುತ್ತಿರುತ್ತದೆ.

ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ) ಏರಿಸುವ ಆಸೆ ಬಂದಾಗ ನಾನು ಗೆಳೆಯನಿಗೆ ಒಂದು ಲೆಕ್ಕ ತೋರಿಸಿದೆ. ಹೊರಗಿನ ಗಾಳಿ 30 ಡಿಗ್ರಿ, ಕಂಪ್ರೆಸರ್ (ಟರ್ಬೊದಲ್ಲಿ ಗಾಳಿ ಒತ್ತುವ ಚಕ್ರ) ದಕ್ಷತೆ ನೂರಕ್ಕೆ 65 ಅಂತ ಹಿಡಿಯಿರಿ. 0.5 ಬಾರ್ ಬೂಸ್ಟಿಗೆ ಟರ್ಬೊದಿಂದ ಹೊರಬರುವ ಗಾಳಿ ಸುಮಾರು 87 ಡಿಗ್ರಿ. 0.9 ಬಾರ್ ಮಾಡಿದರೆ 124. ಚಿಕ್ಕ ಟಿ25 ಅನ್ನು ಅಷ್ಟು ದುಡಿಸಿದರೆ ದಕ್ಷತೆ ಇನ್ನೂ ಬೀಳುತ್ತದೆ, ಬಿಸಿ ಇನ್ನೂ ಜಾಸ್ತಿ. ಅದನ್ನೆಲ್ಲ ಇಳಿಸಬೇಕಾದ ಇಂಟರ್‌ಕೂಲರ್ ಇರುವುದು ಆ ಚಿಕ್ಕ ಮೂಗಿನೊಳಗೆ. ಇಳಿಸಲಾಗದಿದ್ದರೆ ನಾಕಿಂಗ್ (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗಿ ಸಿಡಿಯುವುದು), ನಾಕಿಂಗ್ ಆದರೆ ಪಿಸ್ಟನ್ ಹೋಗುತ್ತದೆ. ಆ ಮಾತು ಅಲ್ಲಿಗೆ ನಿಂತಿತು.

ಪೆಟ್ರೋಲ್ ಕಡೆಯೂ ಒಂದು ಅಪಾಯ ಇತ್ತು. ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ, ಬಲ ತಿರುವಿನಲ್ಲಿ ಪೆಟ್ರೋಲ್ ಪಕ್ಕಕ್ಕೆ ಓಡಿ ಪಂಪ್ ಒಣಗುತ್ತಿತ್ತು. ಲ್ಯಾಂಬ್ಡಾ (ಪೆಟ್ರೋಲಿಗೆ ಗಾಳಿಯ ಪ್ರಮಾಣ, ಏರಿದಷ್ಟೂ ಪೆಟ್ರೋಲ್ ಕಮ್ಮಿ ಅಂತ) 0.82ರಿಂದ 0.97ಕ್ಕೆ ಹಾರಿದ್ದು ರೆಕಾರ್ಡಿನಲ್ಲಿ ಸಿಕ್ಕಿತು. ಟರ್ಬೊ ಇಲ್ಲದ ಇಂಜಿನ್ ಆದರೆ ಒಂದು ಕ್ಷಣ ಮುಗ್ಗರಿಸುತ್ತದೆ ಅಷ್ಟೇ. ಬೂಸ್ಟ್ ಇರುವಾಗ ಹೀಗಾದರೆ ಇಂಜಿನ್ನೇ ಸುಡುತ್ತದೆ. ನಡುವೆ ಒಂದೂವರೆ ಲೀಟರಿನ ಚಿಕ್ಕ ಡಬ್ಬ ಇಟ್ಟು, ಒಂದು ಪಂಪ್ ಅದನ್ನು ತುಂಬುತ್ತಾ ಇನ್ನೊಂದು ಪಂಪ್ ಅದರಿಂದ ಎಳೆಯುವಂತೆ ಮಾಡಿದ ಮೇಲೆ ಸರಿಹೋಯಿತು.

ರಸ್ತೆಗೆ ಬಂದ ಮೇಲೆ

ಎಲ್ಲ ಸರಿಯಾಗಿ, ಗಾಡಿ ನಂಬುವಂತಾದ ಮೇಲೆ ಗೆಳೆಯ ಒಂದು ವಾರ ಓಡಿಸಿದ. ಬಂದು ಹೇಳಿದ: "ಪಿಕಪ್ ಭಯಂಕರ ಇದೆ. ಆದ್ರೆ ಮೊದಲಿನ ಖುಷಿ ಇಲ್ಲ ಕಣೋ. ತಿರುವಿನಲ್ಲಿ ಕಾಲು ಇಡೋಕೇ ಭಯ ಆಗುತ್ತೆ."

ಯಾಕೆ ಅಂತ ಲೆಕ್ಕವೇ ಹೇಳುತ್ತದೆ. ನಮ್ಮ ಗೇರ್‌ಬಾಕ್ಸಿನ ಮೊದಲ ಗೇರ್ 3.321, ಮೂರನೆಯದು 1.308, ನಾಲ್ಕನೆಯದು 1. ಆಗ ಡಿಫರೆನ್ಶಿಯಲ್ 4.3. ಚಕ್ರದ ತ್ರಿಜ್ಯ 0.28 ಮೀಟರ್. 274 ನ್ಯೂಟನ್ ಮೀಟರ್ ಪೂರ್ತಿ ಬಂದರೆ, ದಾರಿಯ ನಷ್ಟ ಲೆಕ್ಕಕ್ಕೆ ಹಿಡಿಯದೆ, ಮೊದಲ ಗೇರಿನಲ್ಲಿ ಟೈರ್ ರಸ್ತೆಯನ್ನು ತಳ್ಳುವ ಬಲ ಸುಮಾರು 1,425 ಕೆ.ಜಿ. ಮೂರನೆಯದರಲ್ಲಿ 560. ನಾಲ್ಕನೆಯದರಲ್ಲೂ 430. ಈಗ ಹಿಡಿತ ನೋಡಿ. ಡ್ರೈವರ್ ಸೇರಿ ಹಿಂದಿನ ಚಕ್ರಗಳ ಮೇಲೆ ಸುಮಾರು 370 ಕೆ.ಜಿ., ಗಾಡಿ ಮುನ್ನುಗ್ಗುವಾಗ ಹಿಂದಕ್ಕೆ ಸರಿಯುವ ಭಾರ ಸೇರಿಸಿದರೆ 445ರ ಹತ್ತಿರ. ಒಣ ರಸ್ತೆ, ಒಳ್ಳೆ ಟೈರ್ ಆದರೆ ಹಿಡಿತ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಮೂರನೇ ಗೇರಿನಲ್ಲೂ ಟೈರ್ ಜಾರಬಹುದು, ನಾಲ್ಕರಲ್ಲಿ ಅಂಚಿನಲ್ಲಿರುತ್ತದೆ. ತಿರುವಿನಲ್ಲಿ ಆ ಹಿಡಿತದ ಒಂದು ಪಾಲು ಆಗಲೇ ಪಕ್ಕಕ್ಕೆ ಖರ್ಚಾಗಿರುತ್ತದೆ.

ಟರ್ಬೊ ಇಲ್ಲದ ಇಂಜಿನ್ನಿನಲ್ಲಿ ಕಾಲು ಎಷ್ಟು ಒತ್ತಿದರೆ ಅಷ್ಟು ಬರುತ್ತದೆ. ಇಲ್ಲಿ ಒತ್ತಿದ ಸ್ವಲ್ಪ ಹೊತ್ತಿಗೆ, ಕಾಲು ಅಲ್ಲೇ ಇದ್ದರೂ, ಬರುವುದು ಏರುತ್ತಲೇ ಹೋಗುತ್ತದೆ. ಭಾರದ ಗಾಡಿ ಅದನ್ನು ನುಂಗಿಕೊಳ್ಳುತ್ತದೆ. 648 ಕೆ.ಜಿ. ಗಾಡಿ ನುಂಗುವುದಿಲ್ಲ.

ಮೊದಲು ಡಿಫರೆನ್ಶಿಯಲ್ ಅನುಪಾತ 3.6ಕ್ಕೆ ಇಳಿಸಿದೆವು. 1.6 ಲೀಟರ್ ಎಂಎಕ್ಸ್-5 ಗಾಡಿಯ ಚಿಕ್ಕ ಡಿಫರೆನ್ಶಿಯಲ್ ಇಷ್ಟು ಟಾರ್ಕಿಗೆ ಬಾಳುವುದಿಲ್ಲ ಅಂತ ಮೊದಲೇ ದಪ್ಪದ್ದನ್ನು ಹಾಕಿದ್ದೆವು, ಅದಕ್ಕೆ ಹೊಂದುವ ಬೇರೆ ಅನುಪಾತ ಸಿಕ್ಕಿತು. ಮೂರನೇ ಗೇರಿನ ಬಲ 470ಕ್ಕೆ ಬಂತು. ಆಮೇಲೆ ಗೇರಿಗೆ ತಕ್ಕಂತೆ ಬೂಸ್ಟ್. ಇಲ್ಲಿ ಒಂದು ಸಣ್ಣ ಪಾಠ ಕಲಿತೆವು. ಇಸಿಯುನಲ್ಲಿ (ಇಂಜಿನ್ ನಡೆಸುವ ಕಂಪ್ಯೂಟರ್) ಎಷ್ಟೇ ಕಮ್ಮಿ ಬೂಸ್ಟ್ ಬರೆದರೂ ವೇಸ್ಟ್‌ಗೇಟ್ (ಹೆಚ್ಚಾದ ಗ್ಯಾಸನ್ನು ಟರ್ಬೈನಿಗೆ ಕೊಡದೆ ಪಕ್ಕದಿಂದ ಬಿಡುವ ಬಾಗಿಲು) ಸ್ಪ್ರಿಂಗಿನ ಬಲಕ್ಕಿಂತ ಕೆಳಗೆ ಇಳಿಯುವುದಿಲ್ಲ, ಯಾಕೆಂದರೆ ಆ ಒತ್ತಡ ಬರುವವರೆಗೆ ಗೇಟ್ ತೆರೆಯುವುದೇ ಇಲ್ಲ. ನಮ್ಮ ಸ್ಪ್ರಿಂಗ್ 0.5 ಬಾರ್‌ನದು. ಎಲ್ಲರೂ ಗಟ್ಟಿ ಸ್ಪ್ರಿಂಗ್ ಹುಡುಕುತ್ತಾರೆ, ನಾವು 0.35ರ ಮೆದು ಸ್ಪ್ರಿಂಗ್ ಹುಡುಕಿ ಹಾಕಿದೆವು. ಈಗ ಒಂದು ಮತ್ತು ಎರಡನೇ ಗೇರಿನಲ್ಲಿ 0.35, ಮೂರರಲ್ಲಿ 0.5, ನಾಲ್ಕು ಐದರಲ್ಲಿ 0.65 ಬಾರ್. ಮೊದಲೆರಡು ಗೇರಿನಲ್ಲಿ ಈಗಲೂ ಚಕ್ರ ತಿರುಗಿಸಬಹುದು, ಆದರೆ ಅದು ಕಾಲಿನ ಮಾತು ಕೇಳಿ ತಿರುಗುತ್ತದೆ.

ಗಾಳಿ ಅಳೆಯುವ ಹಳೆ ಏರ್‌ಫ್ಲೋ ಸೆನ್ಸರ್ ತೆಗೆದು, ಒತ್ತಡ ಮತ್ತು ಬಿಸಿ ನೋಡಿ ಲೆಕ್ಕ ಹಾಕುವ ಇಸಿಯು ಹಾಕಿದ್ದೂ ಇದೇ ಹೊತ್ತಿಗೆ. ಜಾಗ ಉಳಿಯಿತು, ಕಾಲು ತೆಗೆದಾಗ ಮುಗ್ಗರಿಸುವುದೂ ನಿಂತಿತು. ವೈರಿಂಗ್ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಬೇಡ.

ಬ್ರೇಕ್ ಬಿಡುವಂತಿಲ್ಲ. ಅದೇ ರಸ್ತೆಯಲ್ಲಿ ಮೊದಲು 120 ಮುಟ್ಟುತ್ತಿದ್ದ ಕಡೆ ಈಗ 150 ಮುಟ್ಟುತ್ತದೆ. ವೇಗದ ವರ್ಗ ಮತ್ತು ತೂಕ ಎರಡನ್ನೂ ಹಿಡಿದರೆ ನಿಲ್ಲಿಸಬೇಕಾದ ಶಕ್ತಿ 1.76 ಪಟ್ಟು. 1.6 ಗಾಡಿಯ 235 ಮಿ.ಮೀ. ಮುಂದಿನ ಡಿಸ್ಕ್ ತೆಗೆದು 1.8 ಗಾಡಿಯ 255 ಮಿ.ಮೀ. ಹಾಕಿದೆವು. ಮುಂದಿನ ಸ್ಪ್ರಿಂಗ್ ಐದನೇ ಒಂದರಷ್ಟು ಗಟ್ಟಿ ಮಾಡಿದೆವು. ಇಂಜಿನ್ ಬದಲಾದದ್ದನ್ನು ನೋಂದಣಿಯಲ್ಲಿ ಬರೆಸಿ, ತಪಾಸಣೆ ಮಾಡಿಸಿ, ವಿಮೆಯವರಿಗೂ ತಿಳಿಸಿದೆವು. ಆ ಕಾಗದ ಬರುವವರೆಗೆ ಗಾಡಿ ಸಾರ್ವಜನಿಕ ರಸ್ತೆಗೆ ಇಳಿಯಲಿಲ್ಲ.

ಒಟ್ಟು ಹದಿಮೂರು ತಿಂಗಳು. ಈಗ ಗಾಡಿ ಬಹಳ ಹೊತ್ತು ಓಡುವುದು 0.5 ಬಾರ್‌ಗಿಂತ ಕೆಳಗೇ, ಅಂದರೆ ಕಂಪನಿ ಕೊಟ್ಟದ್ದಕ್ಕಿಂತ ಕಮ್ಮಿ ಬೂಸ್ಟಿನಲ್ಲಿ. ಎರಡನೇ ಗೇರಿನ ತಿರುವುಗಳನ್ನು ಮೂರನೇ ಗೇರಿನಲ್ಲೇ ಎಳೆದುಕೊಂಡು ಹೊರಬರುತ್ತದೆ. ಗೆಳೆಯ ಮೊದಲ ದಿನ ಕೇಳಿದ್ದು ಅದನ್ನೇ. ಹಿಂದಿನ ಟೈರ್ ಇನ್ನೂ ಬೇಗ ಸವೆಯುತ್ತಿದೆ. ಅಲೈನ್‌ಮೆಂಟ್ ನೋಡಬೇಕು, ಮುಂದಿನ ಭಾನುವಾರ ಗಾಡಿ ಮತ್ತೆ ತಕ್ಕಡಿ ಮೇಲೆ ಹೋಗುತ್ತದೆ.